ಗಾಡಿ ಕಬ್ಬಿಣದ ಕಾಲುಕಟ್ಟು

ಹೋದ ತಿಂಗಳು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಪಿರಿಯಾಪಟ್ಟಣಕ್ಕೆ ಹೊರಟವಳು ಹುಣಸೂರಿನಲ್ಲಿ ಬಸ್ಸು ಬದಲಾಯಿಸಲು ಇಳಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರೋ ಗಾಡಿಯ ಚಕ್ರಕ್ಕೆ ಕೆಂಪಗೆ ಕಾದ ಕಬ್ಬಿಣದ ಪಟ್ಟಿ ತೊಡಿಸಿ ಮೇಲೆ ನೀರು ಹೊಯ್ಯುತ್ತಿದ್ದರು. ಸುಟ್ಟ ಮರ, ಕಾದ ಕಬ್ಬಿಣ, ಆವಿ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಹಳೆಯ ವಾಸನೆ ಬಂದರೆ ಬೇರೆಯವರಿಗೆ ಕಣ್ಣು ಒದ್ದೆಯಾಗುತ್ತದಂತೆ. ನನಗೆ ಮೈ ಉರಿಯುತ್ತದೆ. ಜೊತೆಗೆ ಬಂದಿದ್ದ ಸೊಸೆ ನನ್ನ ಮುಖ ನೋಡಿ, "ಯಾಕತ್ತೆ, ತಲೆ ಸುತ್ತುತ್ತಾ?" ಅಂದಳು. "ಇಲ್ಲ ಕಣೇ, ಒಬ್ಬ ಮನುಷ್ಯನನ್ನ ಬೈಯೋದು ಬಾಕಿ ಇತ್ತು. ಅವನು ಸತ್ತು ಎಷ್ಟೋ ವರ್ಷವಾಯ್ತು" ಅಂದೆ. ಅವಳು ಏನೂ ಅರ್ಥವಾಗದೆ ನನ್ನ ಕೈಗೆ ನೀರಿನ ಲೋಟ ಕೊಟ್ಟಳು.

ಆಗ ಯೂರೋಪಿನಲ್ಲಿ ಎರಡನೆಯ ಸಲ ಯುದ್ಧ ಹತ್ತಿಕೊಂಡಿತ್ತು. ನಾನು ಹುಣಸೂರಿನ ಆಸ್ಪತ್ರೆಯಲ್ಲಿ ನರ್ಸು. ಹುಟ್ಟಿದ್ದು ಎಡತೊರೆಯಲ್ಲಿ. ಊರಿಗೆ ಕೃಷ್ಣರಾಜನಗರ ಅಂತ ಹೊಸ ಹೆಸರು ಬಂದಮೇಲೂ ನಮ್ಮಮ್ಮ ಎಡತೊರೆ ಅನ್ನುವುದನ್ನು ಬಿಡಲಿಲ್ಲ. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ನನ್ನನ್ನು ಹುಣಸೂರಿನವರು ನರ್ಸಮ್ಮ ಎಂದರು, ಅಲ್ಲಿಗೆ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ಯುದ್ಧ ಎಲ್ಲೋ ನಡೆಯುತ್ತಿದೆ, ನಮಗೇನು ಅಂದುಕೊಂಡಿದ್ದೆವು. ಆದರೆ ಸೈನ್ಯಕ್ಕೆ ಮರ ಬೇಕಾಯಿತು. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಕೊಡಲಿಯ ಸದ್ದು ನಿಲ್ಲಲಿಲ್ಲ. ದಿಮ್ಮಿ ಹೇರಿದ ಗಾಡಿಗಳು ಸಾಲುಗಟ್ಟಿ ಹುಣಸೂರಿಗೆ ಬಂದವು. ಅವುಗಳ ಹಿಂದೆಯೇ, ಆ ದಿಮ್ಮಿಗಳ ಕೆಳಗೆ ಸಿಕ್ಕಿ ತೊಡೆ ಮುರಿದುಕೊಂಡವರೂ ಬಂದರು.

ತೊಡೆಯ ಮೂಳೆ ಮುರಿಯುವುದೆಂದರೆ ಕೈ ಮುರಿದಂತಲ್ಲ. ತೊಡೆಯ ಮಾಂಸಕ್ಕೆ ಬಲ ಜಾಸ್ತಿ, ಮುರಿದ ತುಂಡುಗಳನ್ನು ಅದು ಒಂದರ ಮೇಲೊಂದು ಎಳೆದುಕೊಂಡುಬಿಡುತ್ತದೆ. ಬಿದಿರಿನ ದಬ್ಬೆ ಕಟ್ಟಿ ಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದರು. ಆ ಕುಲುಕಾಟಕ್ಕೆ ಕೆಲವರು ದಾರಿಯಲ್ಲೇ ಹೋದರು. ಬದುಕಿದವರ ಕಾಲು ಗಿಡ್ಡವಾಗಿ, ಸೊಟ್ಟಗೆ ಕೂಡಿಕೊಂಡಿತು. ಇದಕ್ಕೆ ವಿಲಾಯತಿಯಲ್ಲಿ ಒಂದು ಸಾಧನ ಇತ್ತು. ತೊಡೆಯ ಬುಡಕ್ಕೆ ಒಂದು ಬಳೆ, ಬಳೆಯಿಂದ ಪಾದದ ಆಚೆಯವರೆಗೆ ಎರಡು ಸರಳು, ಆ ತುದಿಗೆ ಪಾದವನ್ನು ಎಳೆದು ಕಟ್ಟಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ. ಅಷ್ಟೇ. ಅಂಥ ಒಂದನ್ನು ತರಿಸುವ ಹಣಕ್ಕೆ ನಮ್ಮಲ್ಲಿ ಒಂದು ಜೊತೆ ಎತ್ತು ಬರುತ್ತಿತ್ತು. ಯುದ್ಧ ಶುರುವಾದ ಮೇಲಂತೂ ಎತ್ತು ಮಾರಿದರೂ ಸಿಗಲಿಲ್ಲ. ಕೇಳಿದಾಗಲೆಲ್ಲ ಮೇಲಿನಿಂದ ಕಾಯಿರಿ ಎನ್ನುವ ಉತ್ತರ. ಮುರಿದ ತೊಡೆ ಹಡಗು ಬರುವವರೆಗೆ ಕಾಯುತ್ತದೆಯೇ? ಹಾಗೆ ಬರೆದವರ ಮನೆಯಲ್ಲಿ ಯಾರಾದರೂ ತೊಡೆ ಮುರಿದುಕೊಂಡು ಬಿದ್ದಿದ್ದರೆ ಗೊತ್ತಾಗುತ್ತಿತ್ತು.

ನಮ್ಮ ಡಾಕ್ಟರು ಚನ್ನವೀರಯ್ಯನವರು ಕಾಯುವವರಲ್ಲ. ಯಾವ ಸಾಮಾನು ಕಂಡರೂ ಅದರಲ್ಲಿ ಅವರಿಗೆ ಆಸ್ಪತ್ರೆಯ ಸಾಮಾನೇ ಕಾಣುತ್ತಿತ್ತು. ಕಡುಬು ಬೇಯಿಸುವ ತಾಮ್ರದ ಪಾತ್ರೆಯಲ್ಲಿ ಕತ್ತರಿ, ಇಕ್ಕಳ, ಬಟ್ಟೆ ಬೇಯಿಸುವ ಆವಿಪೆಟ್ಟಿಗೆ ಮಾಡಿಸಿದ್ದರು. ಆಸ್ಪತ್ರೆಯಲ್ಲಿ ಕಡುಬು ಬೇಯಿಸುತ್ತಾರಂತೆ ಎಂದು ಊರೆಲ್ಲ ಆಡಿಕೊಂಡಿತು. ಅವರ ಹೆಂಡತಿ ನನ್ನ ಹತ್ತಿರ, "ಅಡಿಗೆಮನೇಲಿ ಏನಾದ್ರೂ ಕಾಣಿಸಲಿಲ್ಲ ಅಂದ್ರೆ ನಾನು ಸೀದಾ ನಿಮ್ಮ ವಾರ್ಡಿಗೇ ಬರ್ತೀನಿ ನರ್ಸಮ್ಮ" ಎಂದು ಗೊಣಗುತ್ತಿದ್ದರು.

ಹೆಗ್ಗಡದೇವನಕೋಟೆ ಕಡೆಯ ಒಬ್ಬ ಗಾಡಿಯಿಂದ ಇಳಿಸುವಷ್ಟರಲ್ಲಿ ಪ್ರಾಣ ಬಿಟ್ಟ ದಿನ ಡಾಕ್ಟರು ಊಟ ಮಾಡಲಿಲ್ಲ. ಸಂಜೆ ನನ್ನನ್ನೂ ಕರೆದುಕೊಂಡು ಬಾಬಾಜಾನ್ ಸಾಬರ ಕುಲುಮೆಗೆ ಹೋದರು. ಸುತ್ತಲ ಹಳ್ಳಿಗಳ ಗಾಡಿಗಳಿಗೆಲ್ಲ ಕಬ್ಬಿಣದ ಕೆಲಸ ಮಾಡಿಕೊಡುತ್ತಿದ್ದವರು ಅವರು. ಡಾಕ್ಟರು ಇದ್ದಿಲಿನಿಂದ ನೆಲದ ಮೇಲೆ ಚಿತ್ರ ಬರೆದರು.

"ಸಾಬ್ರೇ, ಚಕ್ರದ ನಡುವಿನ ಗುಂಬಕ್ಕೆ ಹಾಕೋ ಬಳೆನ ಮೊಟ್ಟೆ ಥರ ತಟ್ಟೋಕಾಗುತ್ತಾ?"

"ಮೊಟ್ಟೆ ಥರ ಗುಂಬ ಯಾವ್ ಗಾಡೀಗೈತೆ ಸ್ವಾಮಿ?"

"ಗಾಡಿಗಲ್ಲ, ಮನುಷ್ಯರ ಕಾಲಿಗೆ."

"ಅರೆ! ಎತ್ತಿಗೆ ಲಾಳ ಹೊಡ್ದಿದ್ದಾಯ್ತು, ಈಗ ಮನುಷ್ಯರ್ಗೂ ಹೊಡೀಬೇಕಾ?" ಎಂದು ಸಾಬರು ನಕ್ಕರು. ಆದರೂ ಕಬ್ಬಿಣವನ್ನು ಬೆಂಕಿಗಿಟ್ಟರು.

ಮೊದಲನೆಯದರ ಬಳೆ ಚಿಕ್ಕದಾಯಿತು. ಎರಡನೆಯದರ ಸರಳು ಬಾಗಿತು. ಮೂರನೆಯದಕ್ಕೆ ಹುಣಸೂರಿನಲ್ಲೇ ಹದ ಮಾಡಿದ ತೊಗಲನ್ನು ಸುತ್ತಿ, ಒಳಗೆ ಹತ್ತಿ ತುಂಬಿ ಹೊಲಿದೆವು. ಇನ್ನು ಪರೀಕ್ಷೆ ಹೇಗೆ? ಡಾಕ್ಟರು ತಮ್ಮ ಗಟ್ಟಿಮುಟ್ಟಾದ ಕಾಲಿಗೇ ಅದನ್ನು ಬಿಗಿಸಿಕೊಂಡು, ಎತ್ತಿನ ಗಾಡಿಯಲ್ಲಿ ಮಲಗಿ, ಗಾವಡಗೆರೆಗೆ ಹೋಗಿ ಬರುತ್ತೇನೆಂದರು! ನಾನು ಕೂಗಾಡಿದೆ, ಕೇಳಲಿಲ್ಲ. ದಾರಿಯ ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ, "ಅಯ್ಯೋ, ಡಾಕ್ಟ್ರೇ ಕಾಲ್ ಮುರ್ಕಂಡವ್ರೆ ಕಣ್ರವ್ವಾ! ಇನ್ ನಮ್ಮುನ್ನ ಯಾರ್ ನೋಡ್ತಾರೆ!" ಎಂದು ಗೋಳಾಡಿದರಂತೆ. ಸಂಜೆ ವಾಪಸು ಬಂದಾಗ ತೊಡೆಯ ಬುಡದಲ್ಲಿ ಚರ್ಮ ಕಿತ್ತುಹೋಗಿತ್ತು. "ತೊಗಲು ಇನ್ನೊಂದು ಪದರ ಬೇಕು. ಆದರೆ ಕಾಲು ಒಂಚೂರೂ ಅಲುಗಲಿಲ್ಲ ನರ್ಸಮ್ಮ" ಎಂದರು. ನಾನು ಬೈಯುತ್ತಲೇ ಮುಲಾಮು ಹಚ್ಚಿಕೊಳ್ಳಲು ಕೊಟ್ಟೆ. ಆ ಸಾಧನಕ್ಕೆ ಕಾಲುಕಟ್ಟು ಅಂತ ಹೆಸರಿಟ್ಟರು.

ಆ ಕಾಲುಕಟ್ಟನ್ನು ಹಾಕಿಸಿಕೊಂಡು ಮನೆಗೆ ಹೋದ ಮೊದಲನೆಯವನು ಸಿದ್ದೇಗೌಡ. ಗಾವಡಗೆರೆ ಕಡೆಯ ಒಂದು ಹಳ್ಳಿಯ ರೈತ. ಹೊಲದ ಕೆಲಸ ಕಡಿಮೆಯಿದ್ದಾಗ ಸ್ವಂತ ಎತ್ತು ಕಟ್ಟಿಕೊಂಡು ಕಾಡಿಗೆ ದಿಮ್ಮಿ ಸಾಗಿಸಲು ಹೋಗುತ್ತಿದ್ದ. ಆ ಮಳೆಗಾಲದಲ್ಲಿ ದಿಮ್ಮಿ ಜಾರಿ ಅವನ ತೊಡೆಯ ಮೇಲೆ ಬಿತ್ತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಹಾಗಾಗಿ ಅವನ ಜೊತೆ ಆಸ್ಪತ್ರೆಯಲ್ಲಿ ಕೂತವಳು ತಾಯಿ ಕೆಂಪಮ್ಮ. ಗಟ್ಟಿ ಹೆಂಗಸು. ಮಗನ ಹಾಸಿಗೆಯ ಪಕ್ಕ ಬಿಟ್ಟು ಅಲುಗುತ್ತಿರಲಿಲ್ಲ. ನನ್ನನ್ನೂ ಬಿಡುತ್ತಿರಲಿಲ್ಲ. "ನರ್ಸಮ್ಮಾ, ನೀನು ಉಣ್ಣದೆ ಒಣಗ್ಕಂಡ್ರೆ ನನ್ ಮಗುನ್ನ ಯಾರ್ ನೋಡ್ತಾರೆ? ಬಾ, ಮುದ್ದೆ ಮುರಿ" ಎಂದು ಎಳೆದು ಕೂರಿಸುತ್ತಿದ್ದಳು. ಕಾಲುಕಟ್ಟನ್ನು ನೋಡಿದ ದಿನ ಅದರ ಬಳೆಯನ್ನು ಸವರಿ, "ಇದು ಸಾಬ್ರ ಕುಲುಮೇದು ಅಲ್ವಾ? ನಮ್ ಗಾಡಿ ಚಕ್ರಾನೂ ಅವರದೇಯಾ. ಗಟ್ಟಿ ಇರ್ತದೆ ಬುಡು" ಅಂದಳು.

ಕಾಲು ನೆಟ್ಟಗೆ ಕೂಡಿಕೊಳ್ಳತೊಡಗಿತು. ಮಳೆ ಜೋರಾದಂತೆ ಚಳಿಜ್ವರದವರು ಬಂದು ತುಂಬಿಕೊಂಡರು, ನೆಲದ ಮೇಲೆಲ್ಲ ಚಾಪೆ. ಮಂಚ ಬಿಡಿಸಬೇಕಾಗಿ, ಸಿದ್ದೇಗೌಡನನ್ನು ಕಾಲುಕಟ್ಟಿನ ಸಮೇತ ಮನೆಗೆ ಕಳಿಸಿದೆವು. ಡಾಕ್ಟರು ಕೆಂಪಮ್ಮನನ್ನು ಕೂರಿಸಿಕೊಂಡು, "ನೋಡಮ್ಮ, ಮಳೆ ಬರಲಿ, ನೆಂಟರು ಬರಲಿ, ನಾನು ಬಿಚ್ಚೋವರೆಗೂ ಇದನ್ನ ಯಾರೂ ಬಿಚ್ಚಬಾರದು" ಎಂದರು.

"ಬಿಚ್ಚಾಕಿಲ್ಲ ಬುದ್ಧಿ. ಮುಟ್ಟೋಕೂ ಬುಡಾಕಿಲ್ಲ."

ಮಾತು ತಪ್ಪುವವಳಲ್ಲ ಅವಳು. ಡಾಕ್ಟರು ಸೈಕಲ್ಲಿನಲ್ಲಿ ಹೋಗಿ ನೋಡಿದಾಗಲೆಲ್ಲ ತೊಗಲಿಗೆ ಹರಳೆಣ್ಣೆ ಹಚ್ಚಿ ಮೆತ್ತಗಿಟ್ಟಿದ್ದಳು, ಬೆನ್ನಿನಲ್ಲಿ ಒಂದು ಹುಣ್ಣೂ ಆಗಲು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು.

ಆಸ್ಪತ್ರೆಯಲ್ಲಿ ನಾವೂ ಪೂಜೆ ಮಾಡಿದೆವು. ಚಾಕು, ಕತ್ತರಿ, ಸೂಜಿ, ಆವಿಪೆಟ್ಟಿಗೆ, ಮೂಲೆಯಲ್ಲಿ ಮಾಡಿಟ್ಟಿದ್ದ ಹೊಸ ಕಾಲುಕಟ್ಟುಗಳು, ಎಲ್ಲಕ್ಕೂ ತೊಳೆದು ಕುಂಕುಮ ಇಟ್ಟೆವು. ಅವಸರಕ್ಕೆಂದು ಒಂದಷ್ಟು ಸಾಮಾನನ್ನು ಬೇರೆ ತೆಗೆದಿಟ್ಟಿದ್ದೆವು. ಅದೇ ಹೊತ್ತಿಗೆ ಕೆಂಪಮ್ಮನ ನಡುಮನೆಯಲ್ಲಿ ನೇಗಿಲು, ಕುಡುಗೋಲು, ಮಚ್ಚು, ಗುದ್ದಲಿ ಸಾಲಾಗಿ ಕೂತಿವೆ ಎಂದು ನಮಗೆ ಯಾರಿಗೂ ನೆನಪಾಗಲಿಲ್ಲ. ಆ ಮನೆಯಲ್ಲಿ ಅವತ್ತು ಯಾವ ಕಬ್ಬಿಣವೂ ದುಡಿಯುವಂತಿಲ್ಲ. ಈಳಿಗೆಮಣೆಗೂ ರಜೆ. ಹಿಂದಿನ ದಿನವೇ ಹೆಚ್ಚಿಟ್ಟ ತರಕಾರಿಯಲ್ಲಿ ಅಡಿಗೆ. ಹಾಗಿರುವಾಗ, ಹಗಲೂ ರಾತ್ರಿ ಮಗನ ಕಾಲನ್ನು ಹಿಡಿದು ನಿಂತ ಕಬ್ಬಿಣಕ್ಕೆ ಅರಿಶಿನ ಕುಂಕುಮ ಇಲ್ಲ, ಒಂದು ದಿನದ ಬಿಡುವಿಲ್ಲ ಅಂದರೆ ಹೇಗೆ? ಅದು ಮುನಿಸಿಕೊಂಡು ನಾಳೆ ಕೈಬಿಟ್ಟರೆ? ಡಾಕ್ಟರು ಮಳೆ ಅಂದಿದ್ದರು, ನೆಂಟರು ಅಂದಿದ್ದರು, ಹಬ್ಬ ಅಂದಿರಲಿಲ್ಲ. ಅವಳು ಮಗನ ಕಾಲಿನ ಎರಡೂ ಕಡೆ ರಾಗಿ ಮೂಟೆ ಒತ್ತಿ, ಅಲುಗಬೇಡ ಎಂದು ಹೇಳಿ, ಕಾಲುಕಟ್ಟು ಬಿಚ್ಚಿ ತೊಳೆದು ನೇಗಿಲಿನ ಪಕ್ಕ ಇಟ್ಟು ಪೂಜೆ ಮಾಡಿದಳು. ಸಂಜೆಯ ಹೊತ್ತಿಗೆ ಸಿದ್ದೇಗೌಡ ಕಿರುಚತೊಡಗಿದ.

ಮಾರನೆಯ ಬೆಳಿಗ್ಗೆ ಗಾಡಿ ಆಸ್ಪತ್ರೆಯ ಮುಂದೆ ನಿಂತಿತು. ಕಾಲುಕಟ್ಟಿನ ಬಳೆಯ ಮೇಲೆ ಅರಿಶಿನ, ಕುಂಕುಮ, ಬಾಡಿದ ಹೂವು. ಕೆಂಪಮ್ಮ ಏನನ್ನೂ ಮುಚ್ಚಿಡಲಿಲ್ಲ. "ನಾನೇ ಬಿಚ್ಚಿದ್ದು ಬುದ್ಧಿ. ಅದ್ಕೂ ಒಂದಿನ ಬಿಡುವು ಕೊಡ್ಬೇಕಲ್ವಾ ಅಂತ. ಅಂಗೇ ದುಡಿಸ್ಕಂಡ್ರೆ ಮುನಿಸ್ಕತದೆ ಅಂತ..." ಎಂದು ನಿಂತಲ್ಲೇ ಅಳತೊಡಗಿದಳು. ನನಗೆ ಬಾಯಿಗೆ ಬಂದಷ್ಟು ಬೈಯಬೇಕು ಅನ್ನಿಸಿತ್ತು, ಡಾಕ್ಟರು ಕೈ ಸನ್ನೆಯಲ್ಲೇ ತಡೆದರು.

"ತಪ್ಪು ನಂದು ಕಣಮ್ಮ. ಹಬ್ಬ ಬರುತ್ತೆ ಅಂತ ನನಗೇ ಹೊಳೀಬೇಕಾಗಿತ್ತು. ಕಾಲಲ್ಲಿದ್ದ ಹಾಗೇ ಕುಂಕುಮ ಇಡಿ ಅಂದಿದ್ರೆ ಮುಗೀತಿತ್ತು. ಅಳಬೇಡ, ಮೂಳೆ ಇನ್ನೂ ಎಳೇದು, ಸರಿಮಾಡಬಹುದು."

ಸರಿಯನ್ನೂ ಮಾಡಿದರು. ಮತ್ತು ಬರುವ ಔಷಧಿ ಕೊಟ್ಟು, ಕಾಲನ್ನು ಎಳೆದು ಕೂರಿಸಿ, ಅದೇ ಕಾಲುಕಟ್ಟನ್ನು ಮತ್ತೆ ಬಿಗಿದು, ಈ ಸಲ ಅವನನ್ನು ವಾರ್ಡಿನಲ್ಲೇ ಇರಿಸಿಕೊಂಡರು. ಆಮೇಲೆ ಸೊಂಟದಿಂದ ಹಿಮ್ಮಡಿಯವರೆಗೆ ಎರಡೂ ಕಾಲನ್ನು ದಾರ ಹಿಡಿದು ಅಳೆದದ್ದು ನಾನು, ಈ ಕೈಗಳಿಂದ. ಎರಡೂ ಸಮ ಇದ್ದವು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಸಿಟ್ಟೆಲ್ಲ ಇರುವುದು ಇಲ್ಲಿಯೇ. ಕೆಂಪಮ್ಮನ ಪೂಜೆಯಿಂದ ಆದ ಕೇಡು ಅವತ್ತು ಮಧ್ಯಾಹ್ನಕ್ಕೆ ಮುಗಿದುಹೋಗಿತ್ತು. ಕಾಲು ನೆಟ್ಟಗಿತ್ತು. ಇನ್ನೊಂದೆರಡು ತಿಂಗಳು ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಿದ್ದೇಗೌಡ ಎದ್ದು ಓಡಾಡುತ್ತಿದ್ದ.

ದಸರೆಯ ಗದ್ದಲ ಮುಗಿದ ಮೇಲೆ ಮೇಲಿನ ದೊಡ್ಡ ಡಾಕ್ಟರು ತಪಾಸಣೆಗೆ ಬಂದರು. ಕಾಲುಕಟ್ಟುಗಳನ್ನು ಕೋಟೆ, ಪಿರಿಯಾಪಟ್ಟಣದ ಆಸ್ಪತ್ರೆಗಳಿಗೂ ಕೊಡಲು ನಮ್ಮ ಡಾಕ್ಟರು ಅಪ್ಪಣೆ ಕೇಳಿದ್ದರು. ಅದನ್ನು ನೋಡಲಿಕ್ಕೇ ಅವರು ಬಂದದ್ದು. ಹೊಳೆಯುವ ಕಾರು. ಅದರ ಮೂತಿಗೆ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿಕೊಂಡು ಇನ್ನೂ ನೇತಾಡುತ್ತಿತ್ತು. ಕುಂಕುಮದ ಬೊಟ್ಟು ಕೂಡ ಅಳಿಸಿರಲಿಲ್ಲ. ವಾರ್ಡಿಗೆ ಬಂದವರು ಸೀದಾ ಸಿದ್ದೇಗೌಡನ ಮಂಚದ ಹತ್ತಿರ ನಿಂತರು.

"ಏನ್ರೀ ಇದು?"

"ಸ್ಪ್ಲಿಂಟ್ ಸಾರ್. ಇಲ್ಲೇ ಮಾಡಿಸಿದ್ದು."

"ಯಾರು ಮಾಡಿದ್ದು?"

"ಬಾಬಾಜಾನ್ ಅಂತ, ಗಾಡಿ ಕೆಲಸದವರು."

"ಗಾಡಿ ಕಬ್ಬಿಣ ಮನುಷ್ಯನ ಕಾಲಿಗೆ! ಇದು ಸರ್ಕಾರದ ಆಸ್ಪತ್ರೆಯೋ, ಸಂತೆಮಾಳವೋ? ಈ ಕುಂಕುಮ ಯಾಕ್ರೀ?"

ನಮ್ಮ ಡಾಕ್ಟರು ಬಾಯಿ ತೆರೆಯುವ ಮೊದಲೇ, ಸುಳ್ಳು ಗೊತ್ತಿಲ್ಲದ ಕೆಂಪಮ್ಮ ನಡೆದದ್ದನ್ನೆಲ್ಲ ಹೇಳಿದಳು. ದೊಡ್ಡ ಡಾಕ್ಟರು ಜೊತೆಯವರ ಕಡೆ ತಿರುಗಿ ನಕ್ಕರು. "ಕೇಳಿದಿರಾ? ಈ ಮೂಢರ ಕೈಗೆ ಇಂಥ ಒರಟು ಸಾಮಾನು ಕೊಡೋಕೆ ನನ್ನ ಅಪ್ಪಣೆ ಬೇಕಂತೆ!" ಜೊತೆಯವರೂ ನಕ್ಕರು. ಕಿಟಕಿಯಾಚೆ ಹಾರ ಹಾಕಿಕೊಂಡ ಕಾರು ನಿಂತಿತ್ತು, ಅದು ಯಾರ ಕಣ್ಣಿಗೂ ಬೀಳಲಿಲ್ಲ.

"ಬಿಚ್ಚಿ ಇದನ್ನ."

"ಆಗಲ್ಲ ಸಾರ್" ಎಂದರು ನಮ್ಮ ಡಾಕ್ಟರು. "ಉಳಿದವೆಲ್ಲ ತಗೊಂಡು ಹೋಗಿ. ಇದೊಂದು ಕಾಲು ಕೂಡೋವರೆಗೂ ಬಿಡಿ. ಅಳತೆ ನೋಡಿ ಸಾರ್, ಎರಡೂ ಸಮ ಇದೆ."

ಅಳತೆ ನೋಡುವ ವ್ಯವಧಾನ ಆ ಮಹಾಶಯನಿಗೆ ಎಲ್ಲಿತ್ತು! ಅಡ್ಡ ನಿಂತ ನಮ್ಮ ಡಾಕ್ಟರನ್ನು ಸರಿಸಿ, ತಾನೇ ಬಗ್ಗಿ ಪಟ್ಟಿ ಬಿಚ್ಚಿದ. ಹೌದು, ಇಲ್ಲಿಂದ ಅವನನ್ನು ಬಹುವಚನದಲ್ಲಿ ಕರೆಯಲು ನನ್ನಿಂದ ಆಗುವುದಿಲ್ಲ. ಸಿದ್ದೇಗೌಡ ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿದುಕೊಂಡ. ಆ ಮಹಾಶಯ ಕಾಲಿಗೆ ಒಂದು ನೆಟ್ಟನೆಯ ಹಲಗೆ ಕಟ್ಟಿಸಿ, ಇದೇ ಸಾಕು ಎಂದ. ಆ ಹಲಗೆ ಎಳೆಯುವುದೂ ಇಲ್ಲ, ಹಿಡಿಯುವುದೂ ಇಲ್ಲ, ಕಾಲಿನ ಜೊತೆ ಸುಮ್ಮನೆ ಮಲಗಿರುತ್ತದೆ. ಕೆಂಪಮ್ಮ ಅಂಜುತ್ತ, "ಬುದ್ಧೀ, ನನ್ ಮಗ ನಡೀತಾನಾ?" ಅಂದಳು.

ಆಗ ಅವನು ಆಡಿದ ಮಾತು ಇದು: "ಹಬ್ಬ ಅಂತ ಬಿಚ್ಚಿದೆಯಲ್ಲ, ಅವತ್ತೇ ನಿನ್ನ ಮಗನ ಕಾಲು ಹೋಯ್ತು. ಕೈಯಾರೆ ಕೆಡಿಸಿದೆ. ಇನ್ನು ಯಾರೂ ಏನೂ ಮಾಡೋಕಾಗಲ್ಲ."

"ಸುಳ್ಳು! ಕಾಲು ಸರಿಹೋಗಿತ್ತು!" ಎಂದು ನಾನು ಕೂಗಿದೆ.

"ನರ್ಸ್, ನಿಮ್ಮನ್ನ ಯಾರೂ ಕೇಳಲಿಲ್ಲ" ಎಂದು ಹೊರಗೆ ನಡೆದ. ಮಾಡಿಟ್ಟಿದ್ದ ಕಾಲುಕಟ್ಟುಗಳನ್ನೆಲ್ಲ, ಸಿದ್ದೇಗೌಡನದೂ ಸೇರಿಸಿ, ಆ ಹಾರದ ಕಾರಿಗೇ ತುಂಬಿಸಿಕೊಂಡು ಹೋದ. ಆ ಕಾರಿಗೂ ಒಂದು ದಿನ ರಜೆ ಕೊಟ್ಟು ಪೂಜೆ ಮಾಡಿದ್ದನಲ್ಲ, ಅದರ ಎಂಜಿನ್ನು ಯಾಕೆ ಕೆಡಲಿಲ್ಲ ಎಂದು ಅವನನ್ನು ಕೇಳುವವರು ಯಾರು?

ಅವತ್ತು ಸಂಜೆಯೇ ಡಾಕ್ಟರು ಕುಲುಮೆಗೆ ಹೋಗಿ ಇನ್ನೊಂದು ಕಾಲುಕಟ್ಟಿಗೆ ಹೇಳಿ ಬಂದರು. ಆದರೆ ಮಾರನೆಯ ದಿನವೇ ತಂತಿ ಬಂತು. ಮೊಳಕಾಲ್ಮೂರಿಗೆ ವರ್ಗ, ಕೂಡಲೆ ಹೊರಡಬೇಕು. ಹೊರಡುವಾಗ ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸಾಬ್ರು ಮುಗಿಸಿಕೊಡ್ತಾರೆ. ಹೇಗಾದ್ರೂ ಮಾಡಿ ಅವನ ಕಾಲಿಗೆ ಕಟ್ಟಿಸಿ ನರ್ಸಮ್ಮ" ಅಂದರು. ಅಲ್ಲಿಯೂ ಒಬ್ಬ ಕಮ್ಮಾರನನ್ನು ಹಿಡಿದು ಏನೇನೋ ಮಾಡಿಸಿದರಂತೆ. ಅಲ್ಲಿಂದಲೂ ಅವರನ್ನು ಎತ್ತಂಗಡಿ ಮಾಡಿದರಂತೆ.

ಬಾಬಾಜಾನ್ ಸಾಬರು ಹೇಳಿದಂತೆ ಮುಗಿಸಿ, ಗೋಣಿಯಲ್ಲಿ ಸುತ್ತಿಕೊಂಡು ಆಸ್ಪತ್ರೆಯ ಗೇಟಿಗೆ ಬಂದರು. ಹೊಸದಾಗಿ ಬಂದ ಡಾಕ್ಟರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಹೆದರಿದವರು. ಅದನ್ನು ಒಳಗೆ ಬಿಡಬೇಡಿ, ನನ್ನ ಕೆಲಸ ಹೋಗುತ್ತದೆ ಎಂದು ಕೈಮುಗಿದರು. ಸಾಬರು ಗೋಣಿಯನ್ನು ತಬ್ಬಿಕೊಂಡು ನಿಂತೇ ಇದ್ದರು. "ಕಾಲು ಒಳಗೈತೆ, ಕಬ್ಣ ನನ್ ಕೈಲೈತೆ. ಮಧ್ಯೆ ಇರೋದು ಈ ಗೇಟು ಒಂದೇ. ಇದೇನ್ ಅನ್ಯಾಯ ನರ್ಸಮ್ಮಾ?" ಅಂದರು.

ಕೊನೆಗೆ ಸಿದ್ದೇಗೌಡನನ್ನು ಹಲಗೆಯ ಸಮೇತ ಊರಿಗೆ ಕಳಿಸಿಬಿಟ್ಟರು. ನನಗೆ ಒಂದು ಕಡೆ ಸಮಾಧಾನವೇ ಆಯಿತು. ಮನೆಯಲ್ಲಾದರೆ ಯಾರ ಅಪ್ಪಣೆ? ಬಿಡುವು ಸಿಕ್ಕ ಮೊದಲ ದಿನ ಸಾಬರ ಗಾಡಿಯಲ್ಲಿ ಇಬ್ಬರೂ ಹೊರಟೆವು. ಇನ್ನೂ ಹೊತ್ತು ಮೀರಿರಲಿಲ್ಲ. ಕಾಲು ಆಗಲೇ ಒಂದಷ್ಟು ಮೇಲಕ್ಕೆ ಸರಿದಿತ್ತು, ಆದರೆ ಎಳೆದು ಕಟ್ಟಿದರೆ ಬಹುಪಾಲು ಉಳಿಯುತ್ತಿತ್ತು. ಡಾಕ್ಟರು ಕಟ್ಟುವುದನ್ನು ಅಷ್ಟು ಸಲ ನೋಡಿ ನನಗೂ ಕಟ್ಟಲು ಬರುತ್ತಿತ್ತು.

ಗೋಣಿ ಬಿಚ್ಚಿದ್ದನ್ನು ನೋಡಿದ ಕೆಂಪಮ್ಮ ಹೊಸ್ತಿಲಿಗೆ ಅಡ್ಡ ಕೂತಳು.

"ಬ್ಯಾಡ ನರ್ಸಮ್ಮ. ಅದು ಈ ಮನೇಗ್ ಬರದು ಬ್ಯಾಡ."

"ಯಾಕಮ್ಮ? ಇದು ಕಟ್ಟಿದ್ರೆ ನಡೀತಾನೆ ಕಣಮ್ಮ."

"ನನ್ ಕೈಯಾರೆ ಕೆಡ್ಸಿದೀನಿ. ಅದು ಮುನಿಸ್ಕಂಡೈತೆ. ದೊಡ್ ಡಾಕ್ಟ್ರೇ ಯೋಳುದ್ರು, ಇನ್ ಯಾರ್ ಕೈಲೂ ಆಗಾಕಿಲ್ಲ ಅಂತ. ಮತ್ತೆ ಕಟ್ಟಿ, ಇರೋ ಜೀವಾನೂ ಹೋದ್ರೆ?"

ಒಳಗಿನಿಂದ ಸಿದ್ದೇಗೌಡ, "ಕಟ್ಲಿ ಬುಡವ್ವಾ, ನಾನ್ ತಡ್ಕತೀನಿ" ಎಂದ. ಅವಳು ತಲೆ ಚಚ್ಚಿಕೊಳ್ಳತೊಡಗಿದಳು. ಸ್ವಲ್ಪ ಹೊತ್ತು ಕೇಳಿದ ಮಗ, "ಹೋಗ್ಲಿ ಬುಡಿ ನರ್ಸಮ್ಮ, ಅವ್ವುನ್ನ ಅಳುಸ್ಬ್ಯಾಡಿ" ಅಂದ. ನಾನು ಸಮಾಧಾನದಿಂದ ಹೇಳಿದೆ, ರೇಗಿ ಹೇಳಿದೆ, ಕಾಲು ಹಿಡಿಯುತ್ತೇನೆ ಎಂದೆ. ಸಾಬರು ಅಲ್ಲಾನ ಮೇಲೆ ಆಣೆ ಇಟ್ಟರು. ಅವಳು ಹೊಸ್ತಿಲು ಬಿಟ್ಟು ಏಳಲಿಲ್ಲ. ಸಾಬರು ಕಾಲುಕಟ್ಟನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಗಾಡಿಗಿಟ್ಟರು.

ಸಿದ್ದೇಗೌಡನ ಕಾಲು ಗಿಡ್ಡವಾಗಿ ಕೂಡಿಕೊಂಡಿತು. ದೊಣ್ಣೆ ಊರಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಹೆಂಡತಿ, ಮಕ್ಕಳು, ಸಂಸಾರ ಎಲ್ಲವೂ ನಡೆಯಿತು. ಆ ದೊಡ್ಡ ಡಾಕ್ಟರ ಬಡ್ತಿ ಪಡೆದ, ಹಾರ ಹಾಕಿಸಿಕೊಂಡ, ಮರ್ಯಾದೆಯಿಂದ ನಿವೃತ್ತನಾದ. ಒಂದು ಕಾಲು ಹಾಳುಮಾಡಿದ್ದಕ್ಕೆ ಒಂದು ದಿನವೂ ಅವನಿಗೆ ನಿದ್ದೆ ಕೆಟ್ಟಿರಲಿಕ್ಕಿಲ್ಲ. ಅದಕ್ಕಿಂತ ಹೆಚ್ಚಾಗಿ ನಾನು ಅವನನ್ನು ಕ್ಷಮಿಸದಿರುವುದು, ತಾನು ಮಾಡಿದ್ದನ್ನು ಆ ತಾಯಿಯ ತಲೆಗೆ ಕಟ್ಟಿ ಹೋದನಲ್ಲ, ಅದಕ್ಕೆ.

ಎಷ್ಟೋ ವರ್ಷದ ಮೇಲೆ ಕೆಂಪಮ್ಮ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ನೋಡಲು ಹೋದೆ. ಅಂಗಳದಲ್ಲಿ ಸಿದ್ದೇಗೌಡ ನಡೆದಾಡುವಾಗ ದೊಣ್ಣೆಯ ಸದ್ದು ಒಳಗೆ ಕೇಳುತ್ತಿತ್ತು. ಪ್ರತಿ ಸದ್ದಿಗೂ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದು, "ಕೆಂಪಮ್ಮಾ, ಇವತ್ತಾದರೂ ನನ್ನ ಮಾತು ನಂಬು. ನೀನು ಕರಕೊಂಡು ಬಂದ ದಿನವೇ ಡಾಕ್ಟರು ಕಾಲು ಸರಿಮಾಡಿದ್ರು. ಅಳೆದಿದ್ದು ನಾನೇ, ಎರಡೂ ಸಮ ಇದ್ವು. ಅದನ್ನ ಕೆಡಿಸಿದ್ದು ನೀನಲ್ಲ, ಆ ದೊಡ್ಡ ಡಾಕ್ಟರ" ಎಂದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು. "ಸುಮ್ಕಿರವ್ವ. ಸಾಯೋ ಮುದ್ಕಿ ಅಂತ ನನ್ ಸಮಾಧಾನಕ್ಕೆ ಯೋಳ್ತಿದ್ದೀಯ. ಕಾರಲ್ ಬಂದೋರು, ಅಷ್ಟು ಓದ್ದೋರು, ಎತ್ತ ತಾಯಿ ಮುಂದೆ ನಿಂತ್ಕಂಡು ಸುಳ್ ಯೋಳ್ತಾರಾ?"